ಬೋರ್ಡು ಕಾಯಂ, ದಾರಿ ತಾತ್ಕಾಲಿಕ

ಚಿಕ್ಕೋಡಿ ತಾಲ್ಲೂಕಿನಲ್ಲಿ ಕಾರು ತೆಗೆಯುವ ಮುನ್ನ ಆಕಾಶ ನೋಡಿ ಪ್ರಯೋಜನವಿಲ್ಲ, ಮಹಾರಾಷ್ಟ್ರ ನೋಡಬೇಕು. ಮಳೆ ಮಹಾಬಳೇಶ್ವರದಲ್ಲಿ, ಗೇಟು ಕೊಯ್ನಾ ಅಣೆಕಟ್ಟಿನಲ್ಲಿ. ಕಲ್ಲೋಳ–ಯಡೂರ ಸೇತುವೆ ಮುಳುಗುವುದು ಮಾತ್ರ ಇಲ್ಲಿ, ಸುಡುಬಿಸಿಲಲ್ಲೂ. ಪೂರ ಬಂದರೆ ಯಾವ ಸೇತುವೆ ಉಳಿದೀತು ಎನ್ನುವವರುಂಟು. 2019ರ ಮಹಾಪೂರದ ಮಟ್ಟಿಗೆ ಒಪ್ಪೋಣ. ಆದರೆ ನೀರು ತಡೆಯುವ ತಗ್ಗು ಬ್ಯಾರೇಜಿನ ತಲೆಯ ಮೇಲೇ ರಸ್ತೆ ಹಾಸಿದರೆ, ಮಹಾಪೂರವೇ ಬೇಕೆಂದಿಲ್ಲ, ಸಾಧಾರಣ ಜುಲೈ ಸಾಕು. ಹೊಳೆಯನ್ನು ಬೈಯುವುದು ಅನ್ಯಾಯ. ಚಹಾ ಅಂಗಡಿಯ ವಿಚಾರಣೆಯಲ್ಲೂ ಹೊಳೆ ನಿರ್ದೋಷಿ:

“ಮಾಸ್ತರ್ರ, ಇವತ್ತ ಕಾರ್ ಯಾವ ಕಡಿಂದ?”

“ಸುತ್ತ ಹಾಕಿ, ಬಸಣ್ಣಾ. ಸೇತುವೆ ಬಂದ್.”

“ಬೋರ್ಡಿನ್ಯಾಗ ‘ತಾತ್ಕಾಲಿಕ’ ಅಂತ ಬರದಾರಲ್ರೀ?”

“ಹೋದ ವರ್ಷದ್ದ ಬೋರ್ಡ್ ಅದು. ಅದೊಂದ ಕಾಯಂ ನೌಕರ.”

“ಎತ್ತರಕ್ಕ ಕಟ್ಟಿದ್ರ?”

“ರೊಕ್ಕ ಭಾಳ ಬೇಕಂತ.”

“ನಿಮ್ಮ ಸುತ್ತಿನ ಡೀಸೆಲ್‌ಗೆ?”

“ಅದು ನಮ್ಮ ಕಿಸೆದು. ಸರಕಾರಿ ಲೆಕ್ಕದಾಗ ಉಳಿತಾಯ.”

“ಫೈಲ್ ಹರದ ಬರತೈತಿ ಅಂದಿದ್ರು?”

“ಹರದದ್ದ ಖರೆ. ಬಂದಿಲ್ಲ.”

“ಹಂಗಾರ ಕಾರ್ ಮಾರಿ ಬೋಟ್ ತಗೋರಿ.”

“ಬ್ಯಾಸಗಿಗೆ ಹೊಳಿ ಬತ್ತತೈತಿ. ಆವಾಗ ಬೋಟಿಗೆ ಸುತ್ತಿನ ದಾರಿ ಯಾರ ತೋರಸ್ತಾರೋ?”