ನಾಮಕಾರಕ ಜೀವಿಯ ಕುಲಲಕ್ಷಣ ವಿಚಾರ

ಜೀರುಂಡೆಯ ಬಳಗದಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು ನಾಲ್ಕು ಲಕ್ಷ. ಹೊಸದೊಂದು ಪತ್ತೆಯಾದಾಗಲೆಲ್ಲ ಪಂಡಿತರು ಹುಳವನ್ನು ಮಸೂರದ ಕೆಳಗಿಟ್ಟು ಕಾಲು, ಮೀಸೆ, ರೆಕ್ಕೆಪೊರೆಗಳನ್ನು ಎಣಿಸುತ್ತಾರೆ. ಮಸೂರದ ಮೇಲ್ಗಡೆ ಬಾಗಿ ಕೂತಿರುವ ಪ್ರಾಣಿಯನ್ನು ಮಾತ್ರ ಯಾರೂ ಕ್ರಮವಾಗಿ ವಿವರಿಸಿದಂತಿಲ್ಲ. ಆ ಕೊರತೆ ನೀಗಲೆಂದು ಈ ಶಾಸ್ತ್ರ.

ಸಾಮಾನ್ಯ ಲಕ್ಷಣ: ನಾಮಕಾರಕ ಎರಡು ಕಾಲಿನ ಜೀವಿ. ಕತ್ತು ಸದಾ ಮುಂದಕ್ಕೆ ಬಾಗಿರುತ್ತದೆ. ಗುಂಡುಸೂಜಿ, ನುಸಿಗುಳಿಗೆ, ಮರದ ಖಾನೆಗಳಿರುವ ಕಡೆ ವಾಸ. ಲಂಡನ್ನಿನಲ್ಲೂ ಉಂಟು, ನಮ್ಮ ಹೆಬ್ಬಾಳದಲ್ಲೂ ಉಂಟು. ಆಹಾರ, ಹಳೆಯ ಜರ್ಮನ್ ಮತ್ತು ಫ್ರೆಂಚ್ ಪತ್ರಿಕೆಗಳು. ಒಂದು ಮಿಲಿಮೀಟರಿನ ಗಂಡು ಹುಳದ ಜನನಾಂಗವನ್ನು ಬಿಡಿಸಿ, ಅದರ ಚಿತ್ರ ಬರೆದು, ಅದರ ಓರೆಕೋರೆಯ ಮೇಲೆ ಹೊಸ ಪ್ರಭೇದವನ್ನು ನಿಲ್ಲಿಸುವುದು ಇದರ ಮುಖ್ಯ ಕಸುಬು. ಹೆಣ್ಣು ಹುಳ ಮಾತ್ರ ಸಿಕ್ಕ ದಿನ ಇದು ಮಂಕಾಗಿರುತ್ತದೆ. ಮಾದರಿ ಹುಳಕ್ಕೆ ಕೆಂಪು ಚೀಟಿ ಚುಚ್ಚಿದ ದಿನ ಎರಡು ಹೋಳಿಗೆ ಹೆಚ್ಚು ತಿನ್ನುತ್ತದೆ.

ಈ ಕುಲದ ಮೂಲಪುರುಷ ಸ್ವೀಡನ್ನಿನ ಲಿನೇಯಸ್. ನಮ್ಮ ಅಕ್ಕಿ ಡಬ್ಬಿಯ ಮೂತಿಹುಳಕ್ಕೆ ಅವನು ಹೆಸರಿಟ್ಟದ್ದು 1763ರಲ್ಲಿ. ಅದಕ್ಕೂ ಬಹಳ ಮೊದಲಿನಿಂದ ನಮ್ಮ ಹೆಂಗಸರು ಆ ಹುಳವನ್ನು ಬಿಸಿಲಿಗೆ ಹರವಿ, ಮೊರದಲ್ಲಿ ಕೇರಿ, ಶಾಪ ಹಾಕುತ್ತಲೇ ಇದ್ದರು. ಆದರೆ ಮೊರಕ್ಕೆ ಪ್ರಕಟಣೆಯ ದಿನಾಂಕವಿಲ್ಲ. ಕೊಡಗು, ಚಿಕ್ಕಮಗಳೂರುಗಳ ಅರೇಬಿಕಾ ಕಾಫಿ ಗಿಡವನ್ನು ಒಳಗೊಳಗೇ ಕೊರೆಯುವ ಬಿಳಿ ಕಾಂಡಕೊರಕಕ್ಕೂ 1863ರಲ್ಲಿ ಫ್ರಾನ್ಸಿನ ಶೆವ್ರೋಲಾ ಹೆಸರು ಕೊಟ್ಟ. ಗಿಡ ಕಿತ್ತು ಸುಡುವಾಗ ಪ್ಲಾಂಟರುಗಳು ಅದಕ್ಕೆ ಕೊಡುವ ಹೆಸರುಗಳು ಅಚ್ಚಿಗೆ ಯೋಗ್ಯವಲ್ಲದ ಕಾರಣ ಅಂಗೀಕಾರವಾಗಿಲ್ಲ.

ಇನ್ನು ಒಳಪಂಗಡಗಳು. ಮೊದಲನೆಯದು ಖಾನೆವಾಸಿ. ಕಾಡಿಗೆ ಹೋಗದೆ ಕಪಾಟು ತೆರೆದು ಹೊಸ ಪ್ರಭೇದ ಹುಡುಕುವುದು ಇದರ ಸ್ವಭಾವ. ಇದನ್ನು ಸೋಮಾರಿ ಎನ್ನುವವರಿಗೆ ಕಪಾಟಿನ ಆಳ ತಿಳಿಯದು. ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ ಒಂದು ಹುಳ ಹಿಡಿದ. ಅದು ಲಂಡನ್ನಿಗೆ ಬಂದು, ಎಲ್ಲೋ ಸೇರಿಹೋಗಿ, 2014ರ ಫೆಬ್ರವರಿ 12ರಂದು, ಅಂದರೆ ಡಾರ್ವಿನ್ನನ ಹುಟ್ಟುಹಬ್ಬದ ದಿನ, ಹೆಸರು ಪಡೆಯಿತು: ಡಾರ್ವಿನಿಲಸ್ ಸೆಡಾರಿಸಿ. ಹೆಸರಿನ ಮೊದಲರ್ಧ ಹಿಡಿದವನಿಗೆ ಸಂದಿತು. ಉಳಿದರ್ಧ ಅಮೆರಿಕದ ಹಾಸ್ಯ ಲೇಖಕ ಡೇವಿಡ್ ಸೆಡಾರಿಸ್‌ಗೆ; ಹುಳಗಳನ್ನು ಸಿದ್ಧಪಡಿಸುವಾಗ ನಾಮಕಾರಕರು ಅವರ ಪುಸ್ತಕಗಳನ್ನು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದರಂತೆ. 182 ವರ್ಷ ಕಾದ ಹುಳಕ್ಕೆ ಈ ಬಗ್ಗೆ ಏನನಿಸಿತೋ ದಾಖಲೆಯಿಲ್ಲ. ಕೀನ್ಯಾದಲ್ಲಿ 1960ರ ದಶಕದಲ್ಲಿ ಸಂಗ್ರಹಿಸಿದ, ಕಣ್ಣೂ ಇಲ್ಲದ ರೆಕ್ಕೆಯೂ ಇಲ್ಲದ, ಒಂದು ಮಿಲಿಮೀಟರೂ ತುಂಬದ ಇನ್ನೊಂದು ಹುಳ 2019ರಲ್ಲಿ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥುನ್‌ಬರ್ಗ್ ಹೆಸರು ಹೊತ್ತು ಹೊರಬಂತು. ಅದರ ಉದ್ದನೆಯ ಮೀಸೆಗಳು ಆ ಹುಡುಗಿಯ ಜಡೆಯಂತಿವೆ ಎಂದು ಜನ ಮೆಚ್ಚಿಕೊಂಡರು.

ಎರಡನೆಯದು ಬಿರುದುಗಾರ. ಹುಳಕ್ಕೆ ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಈ ಕುಲದಲ್ಲಿ ಮರ್ಯಾದೆಯಲ್ಲ. ಆದ್ದರಿಂದ ದೊಡ್ಡವರ ಹೆಸರಿಡುತ್ತದೆ. 2005ರಲ್ಲಿ ಕ್ವೆಂಟಿನ್ ವೀಲರ್ ಮತ್ತು ಕೆಲ್ಲಿ ಮಿಲ್ಲರ್ ಒಂದೇ ಏಟಿಗೆ 65 ಹೊಸ ಹುಳಗಳನ್ನು ವಿವರಿಸಿದಾಗ ಅಮೆರಿಕದ ಅಧ್ಯಕ್ಷ ಬುಷ್, ಉಪಾಧ್ಯಕ್ಷ ಚೇನಿ, ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಮೂವರಿಗೂ ಒಂದೊಂದು ಸಿಕ್ಕಿತು. ಹುಳಗಳ ಆಹಾರ ಕೊಳೆತ ಮರದ ಮೇಲಿನ ಲೋಳೆಬೂಷ್ಟು. ವಿರೋಧ ಪಕ್ಷದವರು ಹಿಗ್ಗಿದರು. ನಾಮಕಾರಕರು ಮಾತ್ರ ಇದು ಅಪ್ಪಟ ಗೌರವ ಎಂದರು, ಬುಷ್ ಫೋನ್ ಮಾಡಿ ಕೃತಜ್ಞತೆ ಹೇಳಿದರು. ನನಗೂ ಇಲ್ಲಿ ವ್ಯಂಗ್ಯ ಕಾಣುವುದಿಲ್ಲ. ಜೀರುಂಡೆಯ ಪಂಡಿತನಿಗೆ ಲೋಳೆ ತಿನ್ನುವ ಹುಳಕ್ಕಿಂತ ಅಂದವಾದದ್ದು ಲೋಕದಲ್ಲಿಲ್ಲ. ಅದೇ ಕಂತಿನಲ್ಲಿ ನಾಮಕಾರಕರ ಹೆಂಡತಿಯರ ಹೆಸರುಗಳೂ ಇವೆ.

ಬಿರುದುಗಾರನಿಗೆ ಒಂದು ಎಚ್ಚರಿಕೆ. 1937ರಲ್ಲಿ ಆಸ್ಕರ್ ಶೈಬೆಲ್ ಎಂಬವನು ಸ್ಲೊವೇನಿಯಾದ ಗುಹೆಯ ಕುರುಡು ಹುಳವೊಂದಕ್ಕೆ ಹಿಟ್ಲರನ ಹೆಸರಿಟ್ಟ. ಹಿಟ್ಲರ್ ಹೋದ, ಹೆಸರು ಹೋಗಲಿಲ್ಲ. ಹೆಸರು ಹೇಸಿಗೆ ಹುಟ್ಟಿಸುತ್ತದೆಂಬ ಕಾರಣಕ್ಕೆ ಅದನ್ನು ಅಳಿಸಲು ನಾಮಶಾಸ್ತ್ರದ ನಿಯಮಗಳಲ್ಲಿ ಎಡೆಯಿಲ್ಲ. ಈಗ ಆ ಹೆಸರಿಗಾಗಿಯೇ ದುಡ್ಡು ಸುರಿದು ಹುಳ ಕೊಳ್ಳುವವರಿದ್ದಾರೆ, ಗುಹೆಗೆ ನುಗ್ಗಿ ಕದಿಯುವವರಿದ್ದಾರೆ. ಯಾವ ಪಾಪವನ್ನೂ ಮಾಡದ ಹುಳದ ಸಂತತಿಗೇ ಕುತ್ತು ಬಂದಿದೆ.

ಮೂರನೆಯದು ಸಗಟು ವ್ಯಾಪಾರಿ. ನ್ಯೂಗಿನಿಯ 101 ಮೂತಿಹುಳಗಳಿಗೆ 2013ರಲ್ಲಿ ಒಟ್ಟಿಗೆ ಹೆಸರಿಡಬೇಕಾದಾಗ ಅಲೆಕ್ಸಾಂಡರ್ ರೀಡೆಲ್ ಮತ್ತು ಜೊತೆಗಾರರು ಪಪುವಾದ ಟೆಲಿಫೋನ್ ಡೈರೆಕ್ಟರಿ ತೆರೆದು ಮನೆತನದ ಹೆಸರುಗಳನ್ನು ಹೆಕ್ಕಿಕೊಂಡರು. ಊರಿನ ಹುಳಕ್ಕೆ ಊರಿನವರ ಹೆಸರು, ಅಧ್ಯಕ್ಷರ ಹಂಗಿಲ್ಲ. ಈ ಪಂಗಡದ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ.

ಸಹಜ ವೈರಿ: ನಾಮಭಕ್ಷಕ. ಇದು ಹೊಸ ಹುಳ ಹುಡುಕುವುದಿಲ್ಲ. ನಿಮ್ಮ ಹೊಸ ಹುಳ ಹೊಸದಲ್ಲವೆಂದು ತೋರಿಸಿ ಹೆಸರನ್ನು ನುಂಗುತ್ತದೆ. ಏಷ್ಯಾದ ಗುಲಗಂಜಿ ಹುಳು ಒಂದು ಕಡೆ ಕೆಂಪಗೆ, ಒಂದು ಕಡೆ ಹಳದಿ, ಮತ್ತೊಂದು ಕಡೆ ಕಪ್ಪಗೆ ಕಂಡು ಹಲವರಿಂದ ಹಲವು ಹೆಸರು ಗಳಿಸಿತ್ತು. ನಾಮಭಕ್ಷಕರು ಬಂದು ಎಲ್ಲವನ್ನೂ ತಿಂದು, 1773ರಲ್ಲಿ ಪಲ್ಲಾಸ್ ಇಟ್ಟದ್ದೊಂದನ್ನು ಉಳಿಸಿದರು. ವಿಚಾರಸಂಕಿರಣಗಳಲ್ಲಿ ನಾಮಭಕ್ಷಕ ಚಹಾದ ಮೇಜಿಗೆ ಬಂದರೆ ನಾಮಕಾರಕರು ಲೋಟ ಹಿಡಿದು ಮೆಲ್ಲಗೆ ಕಿಟಕಿಯ ಕಡೆ ಸರಿಯುತ್ತಾರೆ. ಇವೆರಡೂ ಒಂದೇ ಜೀವಿ, ಮರಿಯಾಗಿದ್ದಾಗ ಹೆಸರಿಡುತ್ತದೆ, ಬಲಿತ ಮೇಲೆ ಹೆಸರು ತಿನ್ನುತ್ತದೆ ಎಂಬ ವಾದವೂ ಇದೆ. ಅದು ಸಾಬೀತಾದರೆ ಮೇಲಿನ ವರ್ಗಗಳನ್ನೆಲ್ಲ ಕೂಡಿಸಿ ಒಂದು ಮಾಡಬೇಕಾದೀತು. ಹಾಗೆ ಮಾಡುವ ಪಂಡಿತರು ಮೊದಲು ಹೆಸರಿಟ್ಟವನು ನಾನೆಂಬುದನ್ನು ನಿಯಮದ ಪ್ರಕಾರ ಇಸವಿ ಸಮೇತ ನಮೂದಿಸತಕ್ಕದ್ದು.