ಒಂದು ಹಳದಿ ಹಂಗಾಮಿಯ ಸಂದರ್ಶನ

ಸ್ಥಳ: ಬಲಗಡೆ ಅಂಡಾಶಯದ ಒಂದು ಮೂಲೆ. ಅಂಡ ಹೊರಟುಹೋಗಿ ಒಂಬತ್ತನೇ ದಿನ. ಅದು ಖಾಲಿ ಮಾಡಿದ ಕೋಣೆಯಲ್ಲೇ ಠಿಕಾಣಿ ಹೂಡಿದ್ದ, ಅರಿಶಿನ ಬಳಿದುಕೊಂಡಂತಿದ್ದ, ಎರಡು ಸೆಂಟಿಮೀಟರ್ ಗಾತ್ರದ ನೌಕರರು ದುಡಿಯುತ್ತಲೇ ಮಾತಿಗೆ ಸಿಕ್ಕರು. ಕೂರಲು ಕುರ್ಚಿ ಕೊಡಲಿಲ್ಲ, ಅವರಿಗೇ ಇರಲಿಲ್ಲ.

ಪ್ರ: ತಮ್ಮ ಹೆಸರು?

ಉ: ಕಾರ್ಪಸ್ ಲೂಟಿಯಂ. ಲ್ಯಾಟಿನ್ನಿನಲ್ಲಿ ‘ಹಳದಿ ಕಾಯ’ ಅಂತಷ್ಟೇ ಅರ್ಥ. ಹೋಟೆಲಿನಲ್ಲಿ ಮಾಣಿಯನ್ನು ‘ಏ, ನೀಲಿ ಶರ್ಟು’ ಅಂತ ಕರೆದ ಹಾಗೆ.

ಪ್ರ: ಹುದ್ದೆ?

ಉ: ಹಂಗಾಮಿ. ಸುಮಾರು 14 ದಿನ. ಅಷ್ಟರೊಳಗೆ ಸೇವಾ ವಿಸ್ತರಣೆಯ ಆದೇಶ ಬರದಿದ್ದರೆ ನಾನು ಕೈಬಿಡುತ್ತೇನೆ, ಮುಟ್ಟು ಬರುತ್ತೆ. ನಿಮ್ಮ ಅತಿಥಿ ಉಪನ್ಯಾಸಕರೇ ನನಗಿಂತ ವಾಸಿ.

ಪ್ರ: ಆದೇಶ ಹೊರಡಿಸುವವರು ಯಾರು?

ಉ: ಯಾರಿಗೋಸ್ಕರ ದುಡೀತಿದ್ದೀನೋ ಅವರೇ. ಗರ್ಭಕೋಶದ ಗೋಡೆಗೆ ಆಗತಾನೆ ಕಚ್ಚಿಕೊಂಡ, ಸಾಸಿವೆಗಿಂತ ಚಿಕ್ಕದಾದ ಭ್ರೂಣ. ಅದರ ಹೊರಕವಚ ಎಚ್.ಸಿ.ಜಿ. ಅನ್ನೋ ಹಾರ್ಮೋನ್ ಕಳಿಸುತ್ತೆ. ಮೊದಮೊದಲು ಎರಡು ದಿನಕ್ಕೊಮ್ಮೆ ಹೆಚ್ಚುಕಡಿಮೆ ದುಪ್ಪಟ್ಟು. ಬೆಳಗ್ಗೆ ಬಾತ್‌ರೂಮಿನಲ್ಲಿ ಕಿಟ್ ಹಿಡಿದು ಎರಡನೇ ಗೆರೆಗೆ ಕಾಯ್ತೀರಲ್ಲ, ಅದು ನನ್ನ ಆದೇಶದ ನಕಲು ಪ್ರತಿ.

ಪ್ರ: ದಿನವಿಡೀ ಮಾಡುವ ಕೆಲಸ?

ಉ: ಪ್ರೊಜೆಸ್ಟರಾನ್ ತಯಾರಿಕೆ. ಕಚ್ಚಾಮಾಲು, ನೀವು ಸದಾ ಬೈಯೋ ಕೊಲೆಸ್ಟರಾಲು. ಪ್ರೊಜೆಸ್ಟರಾನ್ ಗರ್ಭಕೋಶದೊಳಗೆ ಮೆತ್ತನೆ ಹಾಸಿಗೆ ಸಿದ್ಧ ಮಾಡುತ್ತೆ. ಅಲ್ಲಿನ ಸ್ನಾಯುಗಳಿಗೆ ‘ಹಿಂಡಬೇಡ್ರಪ್ಪ’ ಅನ್ನುತ್ತೆ. ತಾಯಿಯ ರೋಗನಿರೋಧಕ ಪಡೆಗೆ ‘ಅರ್ಧ ಅಪ್ಪನ ಕಡೆಯದು, ನಿಜ, ಆದರೂ ನೆಂಟನೇ, ಇರಲಿ ಬಿಡಿ’ ಅಂತ ಸಮಾಧಾನ ಹೇಳುತ್ತೆ.

ಪ್ರ: ನೀವಿಲ್ಲದೆ ನಡೆಯೋದೇ ಇಲ್ಲವೆ? ಸ್ವಲ್ಪ ಜಂಬ ಅನಿಸುತ್ತೆ.

ಉ: 1903ರಲ್ಲಿ ಜರ್ಮನಿಯ ಲುಡ್ವಿಗ್ ಫ್ರೆಂಕೆಲ್ ಮೊಲಗಳಲ್ಲಿ ನಮ್ಮವರನ್ನು ಸುಟ್ಟು ತೆಗೆದರು; ಗರ್ಭ ನಿಲ್ಲಲಿಲ್ಲ. 1970ರ ದಶಕದಲ್ಲಿ ಆರ್ಪಾಡ್ ಚಾಪೊ ಮನುಷ್ಯರಲ್ಲೂ ತೋರಿಸಿದರು. ಕೊನೆಯ ಮುಟ್ಟಿನಿಂದ ಎಣಿಸಿ ಏಳು ವಾರದೊಳಗೆ ನಮ್ಮನ್ನು ತೆಗೆದರೆ ಗರ್ಭಪಾತ. ಒಂಬತ್ತು ದಾಟಿದ ಮೇಲೆ ತೆಗೆದರೆ ಚಿಂತೆಯಿಲ್ಲ. ಒಗ್ಗರಣೆಗೆ ಬೇಕೇ ಬೇಕು, ಊಟಕ್ಕೆ ಕೂತಾಗ ತಟ್ಟೆಯ ಅಂಚಿಗೆ. ಕರಿಬೇವಿನ ಬಾಳು ಸ್ವಾಮಿ.

ಪ್ರ: ಗರ್ಭ ಇಳಿದುಹೋದರೆ ದೂರು ನಿಮ್ಮ ಮೇಲೆ ಬರುವುದಿಲ್ಲವೆ?

ಉ: ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು! ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿರೋದೇ ಕಾರಣ. ಆದರೆ ‘ಹಾಳು ವರ್ಣತಂತು’ ಅಂತ ಶಪಿಸಿದ ಒಬ್ಬ ಅತ್ತೆಯನ್ನು ತೋರಿಸಿ ನೋಡೋಣ. ನಿಮ್ಮ ಪಡಸಾಲೆ ಕೋರ್ಟಿನಲ್ಲಿ ಸಾಕ್ಷಿಗಳು ಮೊದಲೇ ಸಿದ್ಧ: ಒಂದು ಹೋಳು ಪಪ್ಪಾಯಿ ಹಣ್ಣು, ಆಫೀಸಿಗೆ ಹೋದ ಸ್ಕೂಟರು, ಕೈ ಮೇಲೆತ್ತಿ ಬಟ್ಟೆ ಒಣಹಾಕಿದ್ದು. ತೀರ್ಪು ಸೊಸೆಯ ಮೇಲೆ. ‘ಉಷ್ಣ ಆಯ್ತು’ ಅಂತೀರಿ. ಈ ದಿನಗಳಲ್ಲಿ ಅವಳ ಮೈ ಅರ್ಧ ಡಿಗ್ರಿಯವರೆಗೆ ಬೆಚ್ಚಗಾಗುವುದೇ ನನ್ನ ಪ್ರೊಜೆಸ್ಟರಾನಿನಿಂದ!

ಪ್ರ: ಈಗ ಅದು ಮಾತ್ರೆಯಾಗಿ ಸಿಗುತ್ತಲ್ಲ?

ಉ: ಸಿಗುತ್ತೆ, ತೀರ್ಥದ ಹಾಗೆ ಎಲ್ಲರ ಅಂಗೈಗೂ ಬೀಳುತ್ತೆ. ರಕ್ತ ಕಂಡ ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಿಂದೆಯೂ ಗರ್ಭಪಾತವಾಗಿದ್ದವರಿಗೆ ಮಾತ್ರ ಪ್ರಯೋಜನದ ಸುಳಿವು ಸಿಕ್ಕಿತು. ಎಣಿಕೆ ತಪ್ಪಿದ ವರ್ಣತಂತುವನ್ನು ನಾನೂ ಸರಿಮಾಡಲಾರೆ, ಮಾತ್ರೆಯೂ ಮಾಡಲಾರದು.

ಪ್ರ: ನಿಮ್ಮ ಸೇವೆಯನ್ನು ಯಾರೂ ಗುರುತಿಸಿಲ್ಲವೆ?

ಉ: ಒಮ್ಮೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ನಮ್ಮವರೊಬ್ಬರ ಹೆಸರು ಬಂತು. ಗಂಡ ಓದಿ ಗಾಬರಿಯಾಗಿ ಊರಿಗೆ ಫೋನ್ ಮಾಡಿದ: ‘ಅಮ್ಮಾ, ಏನೋ ಗಡ್ಡೆ ಇದೆಯಂತೆ!’

ಪ್ರ: ಮುಂದೆ?

ಉ: ವಿಸ್ತರಣೆ ಸಿಕ್ಕರೂ ಕೆಲವೇ ವಾರ. ಆಮೇಲೆ ಮಾಸು ಚಾರ್ಜ್ ತಗೊಳ್ಳುತ್ತೆ. ನಾನು ನಿಧಾನವಾಗಿ ಸುಕ್ಕಿ, ಒಂದು ಬಿಳಿ ಕಲೆಯಾಗಿ ಉಳೀತೀನಿ.

ಅಷ್ಟರಲ್ಲಿ ರಕ್ತನಾಳದ ಕಡೆಯಿಂದ ಟಪಾಲು ಬಂತು. ಹಳದಿ ಮುಖ ಅರೆಗಳಿಗೆ ಮೌನವಾಯಿತು.

ಉ: ಆದೇಶ ಬಂತು. ನೀವಿನ್ನು ಹೊರಡಿ, ಕೆಲಸ ಬಿದ್ದಿದೆ.

ಪ್ರ: ಮನೆಯವರಿಗೆ ತಿಳಿಸಲೆ?

ಉ: ಬೇಡ, ಬೇಡ! ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದಂತೆ. ತುಂಬಿದ ಮೇಲೆ ಎಲ್ಲರಿಗೂ ಪೇಡ ಹಂಚ್ತಾರೆ. ಅಷ್ಟೊತ್ತಿಗೆ ನನ್ನ ಕೆಲಸ ಹೋಗಿ ತಿಂಗಳಾಗಿರುತ್ತೆ.