ಒತ್ತಕ್ಷರಕ್ಕೊಂದು ಮಾನಿಟರ್

ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ಮೇಷ್ಟ್ರು ಕೂಗಿದರು: “ಏನ್ರೀ, ನಿಮ್ಮ ಮನೇಲಿ ದೊಡ್ಡ ಕಂಪ್ಯೂಟರ್ ಪರದೆ ಇದೆಯಲ್ಲ, ಅಂಥದ್ದು ನನಗೂ ಒಂದು ಬೇಕಿತ್ತು. 27 ಇಂಚಿನದು ಒಂಬತ್ತು ಸಾವಿರಕ್ಕೇ ಸಿಗುತ್ತೆ, ಕಣ್ಣು ಮುಚ್ಕೊಂಡು ತಗೋ ಅಂತಾನೆ ನಮ್ಮ ಹುಡುಗ.”

“ತಗೋಬೇಡಿ ಮೇಷ್ಟ್ರೇ” ಅಂದೆ. ಅಷ್ಟು ಥಟ್ಟನೆ ಬೇಡ ಅಂದದ್ದು ಅವರಿಗೆ ಆಶ್ಚರ್ಯವಾಗಿರಬೇಕು. ಚೊಂಬು ಕೆಳಗಿಟ್ಟು ಗೋಡೆಗೆ ಒರಗಿಕೊಂಡು ಮಾತಿಗೆ ನಿಂತೆ.

ಮೇಷ್ಟ್ರು ನಿವೃತ್ತರಾದ ಮೇಲೆ ತಮ್ಮೂರಿನ ಶಾಸನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರೆ. ಟೈಪು ಮಾಡುವವರೂ ಅವರೇ, ಕರಡು ತಿದ್ದುವವರೂ ಅವರೇ. ನಾನು ಇಪ್ಪತ್ತೈದು ವರ್ಷದಿಂದ ಕನ್ನಡ ಪುಸ್ತಕಗಳ ಪುಟ ಕಟ್ಟುತ್ತಾ ಬಂದವನು. ಸಿನಿಮಾ ನೋಡುವವರು ಯಾವ ಮಾನಿಟರ್ ಬೇಕಾದರೂ ಕೊಳ್ಳಲಿ. ಕನ್ನಡ ಓದುವವರಿಗೆ ಮಾತ್ರ ಇಂಚಿಗಿಂತ ಚುಕ್ಕಿ, ಅಂದರೆ ಪಿಕ್ಸೆಲ್, ಮುಖ್ಯ.

ಯಾಕೆ ಅಂದರೆ, ಇಂಗ್ಲಿಷ್ ಅಕ್ಷರ ಒಂದೇ ಅಂತಸ್ತಿನ ಮನೆ. ನಮ್ಮದು ಹಾಗಲ್ಲ. ನಡುವೆ ಅಕ್ಷರ, ತಲೆಯ ಮೇಲೆ ಗುಡಿಸು, ಕಾಲಡಿಗೆ ಒತ್ತು. ‘ಸ್ವಾತಂತ್ರ್ಯ’ ಅಂತ ಬರೆದು ನೋಡಿ: ಕೊನೆಯ ತಕಾರಕ್ಕೆ ರಕಾರದ ಒತ್ತೂ ಬೇಕು, ಯಕಾರದ ಒತ್ತೂ ಬೇಕು. ಇಷ್ಟೆಲ್ಲ ಸೇರಿ ಹದಿನಾರು ಚುಕ್ಕಿ ಎತ್ತರದ ಸಾಲಿನಲ್ಲಿ ಕೂರಬೇಕೆಂದರೆ ಒತ್ತಿನ ಪಾಲಿಗೆ ಬರುವುದು ನಾಲ್ಕೋ ಐದೋ ಚುಕ್ಕಿ. ಅಷ್ಟರಲ್ಲಿ ಅದು ಒತ್ತಾಗುವುದಿಲ್ಲ, ಮಸಿಯ ಕಲೆಯಾಗುತ್ತೆ. ಇನ್ನು ದಕಾರ ಧಕಾರ ತಗೊಳ್ಳಿ. ‘ದನ’ವನ್ನು ‘ಧನ’ ಮಾಡುವುದು ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ಪಕಾರದ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಷಕಾರ. ರಕಾರದೊಳಗೆ ಒಂದು ಬೊಟ್ಟಿಟ್ಟರೆ ಠಕಾರ. ಪರದೆಯ ಚುಕ್ಕಿ ಒರಟಾಗಿದ್ದರೆ ಆ ಸೀಳು, ಆ ಗೆರೆ, ಆ ಬೊಟ್ಟು ಮೂರೂ ಮಂಕಾಗುತ್ತವೆ. ನಾವು ಕಂಡದ್ದನ್ನು ಓದುವುದು ಬಿಟ್ಟು, ಇರಬಹುದು ಎಂದುಕೊಂಡದ್ದನ್ನು ಓದಿಬಿಡುತ್ತೇವೆ. ಕರಡಿನಲ್ಲಿ ತಪ್ಪು ಉಳಿಯುವುದು ಅಲ್ಲೇ. ಶಾಸನದ ಪುಸ್ತಕದಲ್ಲಿ ಒಂದು ಮಹಾಪ್ರಾಣ ತಪ್ಪಿದರೆ ಊರಿನ ಹೆಸರೇ ಬೇರೆಯಾದೀತು.

ನನಗಿದು ಗೊತ್ತಾದದ್ದು 2012ರಲ್ಲಿ. ಅದಕ್ಕೂ ಮೊದಲು ಇದ್ದದ್ದು 18.5 ಇಂಚಿನ ಮಾನಿಟರ್, ಚುಕ್ಕಿಯ ಲೆಕ್ಕದಲ್ಲಿ 1366 ಅಡ್ಡ, 768 ಉದ್ದ. ಅದರ ಎತ್ತರ ಒಂಬತ್ತು ಇಂಚು. ಎ4 ಹಾಳೆಯೋ ಹನ್ನೊಂದು ಮುಕ್ಕಾಲು ಇಂಚು. ಪುಟದ ತಲೆ ನೋಡಿದರೆ ಬುಡ ಕಾಣದು. ಇಡೀ ಪುಟ ಕಾಣಲಿ ಎಂದು ಕುಗ್ಗಿಸಿದರೆ ಒತ್ತು ಕಾಣದು. ಆಗ ಆ್ಯಪಲ್‌ನವರದು 27 ಇಂಚಿನದೊಂದು ಬಂದಿತ್ತು, 2560 ಅಡ್ಡ, 1440 ಉದ್ದ. ಬೆಲೆ 999 ಡಾಲರ್, ಆಗಿನ ಲೆಕ್ಕದಲ್ಲಿ ಐವತ್ತು ಸಾವಿರ ದಾಟುತ್ತಿತ್ತು. ಪುಟಕ್ಕೆ ಇಷ್ಟು ಎಂದು ಕೂಲಿ ಎಣಿಸುವ ನನ್ನಂಥವನು ಅದರ ಆಸೆ ಪಡುವ ಹಾಗಿರಲಿಲ್ಲ.

ಆಗ ಅಕ್ಕನ ಮಗ ಒಂದು ಸುದ್ದಿ ತಂದ. ಆ ದುಬಾರಿ ಮಾನಿಟರಿನೊಳಗಿನ ಗಾಜಿನ ಪ್ಯಾನೆಲ್ ಮಾಡುವುದು ಕೊರಿಯಾದ ಎಲ್‌ಜಿ ಕಂಪನಿ. ಅಂಥದೇ ಪ್ಯಾನೆಲ್, ಮೊದಲ ದರ್ಜೆಯಿಂದ ಒಂದು ಮೆಟ್ಟಿಲು ಇಳಿದದ್ದು, ಎ-ಮೈನಸ್ ಎನ್ನುತ್ತಿದ್ದರು, ಕೊರಿಯಾದ ಸಣ್ಣ ಕಂಪನಿಗಳ ಕೈ ಸೇರುತ್ತಿತ್ತು. ಯಮಕಾಸಿ, ಅಚೀವಾ, ಕ್ರಾಸ್‌ಓವರ್ ಎಂದೆಲ್ಲ ಹೆಸರು. ಅಲ್ಲಿನ ವ್ಯಾಪಾರಿಗಳು ಇಬೇ ಮೂಲಕ ದೇಶದೇಶಕ್ಕೂ ಕಳಿಸುತ್ತಿದ್ದರು. ಬೆಲೆ 300ರಿಂದ 350 ಡಾಲರ್. ಹೆಚ್ಚಿನ ಸೌಕರ್ಯವನ್ನೆಲ್ಲ ಬಿಟ್ಟು ಪ್ಯಾನೆಲ್ಲಿಗೆ ಮಾತ್ರ ದುಡ್ಡು ಹಾಕಿದ ಸಾಮಾನು ಅದು. ಅಂಥದ್ದೊಂದನ್ನು ಅವನು ತನಗೆಂದು ತರಿಸಿಕೊಂಡ. ಕಸ್ಟಮ್ಸ್ ಸುಂಕವನ್ನೂ ಕಟ್ಟಿದ. ಆರು ತಿಂಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು, “ಮಾಮಾ, ನಿಮಗೇ ಇರಲಿ” ಅಂತ ಬಿಟ್ಟು ಹೋದ.

ಮೇಜಿನ ಮೇಲಿಟ್ಟು ವೈರು ಚುಚ್ಚಿದರೆ ಪುಟ ಬರಲೇ ಇಲ್ಲ. ಎರಡು ದಿನ ಒದ್ದಾಡಿದ ಮೇಲೆ ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಗಲವಾದ ಬಿಳಿ ಡಿವಿಐ ಕೇಬಲ್. ಅದರ ಪಿನ್ನುಗಳ ನಡುಮಧ್ಯೆ ಆರು ಪಿನ್ನಿನ ಜಾಗ ಖಾಲಿ. ಅದು ಹದಿನೆಂಟು ಪಿನ್ನಿನ ಸಿಂಗಲ್ ಲಿಂಕ್ ಕೇಬಲ್. 1920ಕ್ಕೆ 1200ರವರೆಗೆ ಅದು ಸಾಕು. 2560 ಚುಕ್ಕಿ ಹೊರಬೇಕಾದರೆ ಇಪ್ಪತ್ತನಾಲ್ಕೂ ಪಿನ್ನಿರುವ ಡ್ಯುಯಲ್ ಲಿಂಕ್ ಬೇಕು. ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿಕೊಳ್ಳುವ ಸ್ಕೇಲರ್ ಆ ಮಾನಿಟರಿನಲ್ಲಿ ಇರಲೇ ಇಲ್ಲ, ಕೊಟ್ಟದ್ದು ಸರಿಯಾಗಿದ್ದರೆ ತೋರಿಸುತ್ತೆ, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸರಿಯಾದ ಕೇಬಲ್ ತಂದು ಚುಚ್ಚಿದೆ. ಎರಡು ಎ4 ಪುಟ, ಅಕ್ಕಪಕ್ಕದಲ್ಲಿ, ಹಾಳೆಯ ನಿಜವಾದ ಅಳತೆಯಲ್ಲೇ ಬಂದು ನಿಂತವು. ಸುಮ್ಮನೆ ಕೂತು ನೋಡಿದೆ. ಅಚ್ಚಾಗುವ ಮೊದಲೇ ಪುಸ್ತಕ ತೆರೆದಿಟ್ಟ ಹಾಗೆ ಕಂಡದ್ದು ನನಗೆ ಅದೇ ಮೊದಲು.

ಅದರಲ್ಲಿ ಒಂದು ಸತ್ತ ಚುಕ್ಕಿಯೂ ಇತ್ತು. ಎಡಗಡೆ ಪುಟದ ನಡುವೆ, ಬಿಳಿಯ ಮೇಲೆ ಕರಿ ಬೊಟ್ಟು. ಅಗಲ ಎಷ್ಟು ಅಂತೀರಿ, ಮಿಲಿಮೀಟರಿನ ಕಾಲು ಭಾಗಕ್ಕೂ ಕಡಿಮೆ. ಮೊದಮೊದಲು ಪೂರ್ಣವಿರಾಮ ತಪ್ಪಿ ಬಿದ್ದಿದೆ ಎಂದುಕೊಂಡು ಅಳಿಸಲು ಹೋಗುತ್ತಿದ್ದೆ. ಪುಟ ಸರಿಸಿದರೆ ಅಕ್ಷರ ಸರಿಯುತ್ತೆ, ಬೊಟ್ಟು ಅಲ್ಲೇ ನಿಲ್ಲುತ್ತೆ. ಮಾರಿದವನಿಗೆ ಬರೆದರೆ, ಕೆಲವು ಚುಕ್ಕಿ ಸತ್ತಿದ್ದರೆ ಬದಲಿಸಿಕೊಡುವುದಿಲ್ಲ ಎಂಬ ಷರತ್ತನ್ನು ತೋರಿಸಿದ. ಕಡಲಾಚೆಗೆ ವಾಪಸು ಕಳಿಸುವ ಖರ್ಚಿನಲ್ಲಿ ಇನ್ನೊಂದು ಅರ್ಧ ಮಾನಿಟರ್ ಬರುತ್ತಿತ್ತು. ಹಾಗಾಗಿ ಈಗ ಯಾರು ಕೇಳಿದರೂ, ಹೊರದೇಶದಿಂದ ನೇರವಾಗಿ ತರಿಸಬೇಡಿ ಅನ್ನುತ್ತೇನೆ. ಆಗ ಬೇರೆ ದಾರಿ ಇರಲಿಲ್ಲ, ಈಗ ಇದೆ.

“ಈಗಿನ ಕಥೆ ಹೇಳ್ರೀ” ಅಂದರು ಮೇಷ್ಟ್ರು.

ಪ್ಯಾನೆಲ್ ಈಗಲೂ ಹೊರಗಿನದೇ. ಕೊರಿಯಾಕ್ಕಿಂತ ಹೆಚ್ಚಾಗಿ ಚೀನಾದ್ದು. ಸ್ಯಾಮ್‌ಸಂಗ್‌ನ ಪ್ಯಾನೆಲ್ ಕಂಪನಿ 2022ರಲ್ಲಿ ಎಲ್‌ಸಿಡಿ ಮಾಡುವುದನ್ನೇ ನಿಲ್ಲಿಸಿತು. ಆದರೆ ಮಾನಿಟರ್ ನಮ್ಮೂರಿನ ಅಂಗಡಿಯಲ್ಲೇ, ವಾರಂಟಿ ಸಮೇತ ಸಿಗುತ್ತೆ. 2560ಕ್ಕೆ 1440 ಇರುವ 27 ಇಂಚಿನದು 15,000 ರೂಪಾಯಿಯ ಆಸುಪಾಸು. ಅದರಲ್ಲಿ ಶೇ 18ರಷ್ಟು ಜಿಎಸ್‌ಟಿ ಸೇರಿರುತ್ತೆ, ಬಿಲ್ಲು ಕೇಳಿ ತಗೊಳ್ಳಿ. ಹುಡುಗ ಹೇಳಿದ ಒಂಬತ್ತು ಸಾವಿರದ್ದು 1920ಕ್ಕೆ 1080 ಇರುತ್ತೆ. ಇಂಚಿಗೆ 82 ಚುಕ್ಕಿ, ನನ್ನ ಹಳೆಯ 18.5 ಇಂಚಿನದಕ್ಕಿಂತಲೂ ಒರಟು. 1440ರದ್ದಾದರೆ ಇಂಚಿಗೆ 109. 4ಕೆ ಆದರೆ 163, ಅಂದರೆ 1080ರದ್ದರಲ್ಲಿ ಒಂದು ಚುಕ್ಕಿ ಇದ್ದ ಜಾಗದಲ್ಲಿ ಇಲ್ಲಿ ನಾಲ್ಕು. ಅಕ್ಷರವನ್ನು ಅದೇ ಅಳತೆಗೆ ಹಿಗ್ಗಿಸಿಕೊಂಡು ನೋಡಿದರೆ ಧಕಾರದ ಸೀಳು ಉಳಿಯಿಂದ ಕೆತ್ತಿದ ಹಾಗೆ ಕಾಣುತ್ತೆ. ಆದರೆ 4ಕೆ ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಯಾವ ಕಾಲದ್ದು ಎಂದು ವಿಚಾರಿಸಬೇಕು. ಅದರ ಎಚ್‌ಡಿಎಂಐ ಹಳೆಯ 1.4 ಆಗಿದ್ದರೆ ಸೆಕೆಂಡಿಗೆ ಮೂವತ್ತೇ ಸಲ ಚಿತ್ರ ಬದಲಾಗುತ್ತೆ, ಮೌಸ್ ಬಾಣ ಕುಂಟುತ್ತೆ. ಮೇಷ್ಟ್ರ ಲ್ಯಾಪ್‌ಟಾಪ್ ಹಳೆಯದು. ಅವರಿಗೆ 1440ರದ್ದೇ ಸರಿ.

“ಅಂಗಡೀಲಿ ಎಲ್ಲಾ ಚೆಂದವಾಗೇ ಕಾಣುತ್ತಲ್ರೀ” ಎಂದರು. ಕಾಣುತ್ತೆ. ಅವರು ಹಾಕಿರುವುದು ಹೂವು, ಜಲಪಾತ, ಗಿಣಿಯ ವಿಡಿಯೊ. ಅದನ್ನು ನಿಲ್ಲಿಸಲು ಹೇಳಿ, ಪೆನ್‌ಡ್ರೈವ್‌ನಲ್ಲಿ ನಿಮ್ಮ ಪುಸ್ತಕದ ಒಂದು ಪುಟ ಒಯ್ದು ತೆರೆಸಿ. ಅಡಿಟಿಪ್ಪಣಿ ಇರುವ ಪುಟವೇ ಆಗಲಿ. ಒಂದು ತೋಳಿನ ದೂರದಲ್ಲಿ ಕೂತು, ಕನ್ನಡಕ ಹಾಕಿಕೊಂಡು ಓದಿ. ‘ರಾಷ್ಟ್ರಕೂಟ’ದ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಮುಂದಿನ ಮಾತು. ಆಮೇಲೆ ಇಡೀ ಪರದೆಯನ್ನು ಒಮ್ಮೆ ಬಿಳಿ, ಒಮ್ಮೆ ಕಪ್ಪು, ಕೆಂಪು, ಹಸಿರು, ನೀಲಿ ಮಾಡಿಸಿ ಸತ್ತ ಚುಕ್ಕಿ ಹುಡುಕಿ. ಡಬ್ಬ ಅಲ್ಲೇ ಬಿಚ್ಚಿಸಿ. ನಿಮಗೆ ಕೊಡುವ ಮಾನಿಟರನ್ನೇ ನೋಡಬೇಕು, ಗಾಜಿನಾಚೆ ಇಟ್ಟದ್ದನ್ನಲ್ಲ.

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ‘2560, 1440’ ಎಂದು ಬರೆದುಕೊಂಡರು. ಭಾನುವಾರ ಹೋಗೋಣವೇ ಅಂದರು. ಭಾನುವಾರ ಎಸ್.ಪಿ. ರಸ್ತೆಯಲ್ಲಿ ಬಹುಪಾಲು ಅಂಗಡಿಗೆ ಬೀಗ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಡುತ್ತೇವೆ.